ಪದಚರ್ಚೆ: ಎಂಪಾಕ್ಸ್ ಪರೀಕ್ಷೆಯ ‘ಸ್ವಾಬ್’ ಎಂದರೆ ‘ಗುಳ್ಳೆಯ ದ್ರವ’ವೇ? ‘ರ‍್ಯಾಪಿಡ್’ಗೆ ‘ತ್ವರಿತ’ ಸಾಕೇ?

ಬಳಗಕ್ಕೆ ನಮಸ್ಕಾರ.

ತಾಲ್ಲೂಕು ಆಸ್ಪತ್ರೆಗಳ ನರ್ಸುಗಳು ಮತ್ತು ಲ್ಯಾಬ್ ಸಿಬ್ಬಂದಿಗಾಗಿ ಎಂಪಾಕ್ಸ್ ಪರೀಕ್ಷೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ತರುವ ಕೆಲಸ ನಡೆದಿದೆ. ಕರಡಿನಲ್ಲಿ ‘ಲೀಶನ್ ಸ್ವಾಬ್’ಗೆ (ಲೀಶನ್ ಎಂದರೆ ರೋಗದಿಂದ ಚರ್ಮದ ಮೇಲೆ ಏಳುವ ಗುಳ್ಳೆ, ಕಲೆ ಇತ್ಯಾದಿ) ‘ಗುಳ್ಳೆಯ ದ್ರವದ ಮಾದರಿ’ ಎಂದು ಬರೆದಿದ್ದಾರೆ. ಕೋವಿಡ್ ಕಾಲದಲ್ಲಿ ಪತ್ರಿಕೆಗಳು ‘ಗಂಟಲು ದ್ರವ’ ಎಂದು ಬರೆದ ಹಾಗೆ. ‘ರ‍್ಯಾಪಿಡ್ ಟೆಸ್ಟ್’ಗೆ ‘ತ್ವರಿತ ಪರೀಕ್ಷೆ’ ಎಂದಿದೆ. ರೋಗದ ಹೆಸರು ‘ಮಂಗನ ಸಿಡುಬು’. ಇವು ಸರಿಯೇ? ‘ಇನ್‌ವ್ಯಾಲಿಡ್’ ಎಂಬ ಫಲಿತಾಂಶಕ್ಕೆ ಏನು ಬರೆಯಬೇಕು? ಬಲ್ಲವರು ತಿಳಿಸಿದರೆ ಉಪಕಾರ.

*

ನಮಸ್ಕಾರ. ‘ದ್ರವ’ವನ್ನು ದಯವಿಟ್ಟು ತೆಗೆದುಹಾಕಿ. ಈ ಪರೀಕ್ಷೆಯ ಹಣೆಬರಹ ಮಾದರಿ ತೆಗೆಯುವಾಗಲೇ ನಿರ್ಧಾರವಾಗಿಬಿಡುತ್ತದೆ, ಆದ್ದರಿಂದ ಉಳಿದೆಲ್ಲ ಪದಗಳಿಗಿಂತ ಇದು ಮುಖ್ಯ.

ಎಂಪಾಕ್ಸ್ ವೈರಸ್ ಗುಳ್ಳೆಯೊಳಗಿನ ನೀರಿನಲ್ಲಷ್ಟೇ ಇರುವುದಿಲ್ಲ. ಗುಳ್ಳೆಯ ಮೇಲ್ಪದರದ ಜೀವಕೋಶಗಳಲ್ಲಿ, ತಳದಲ್ಲಿ, ಒಣಗಿ ಕಟ್ಟಿದ ಹಕ್ಕಳೆಯಲ್ಲಿ ಕೂಡ ಹೇರಳವಾಗಿರುತ್ತದೆ. ಸ್ವಾಬ್ ತೆಗೆಯುವುದೆಂದರೆ ಕಡ್ಡಿಯ ತುದಿಯನ್ನು ಗುಳ್ಳೆಯ ಮೇಲೆ ಒತ್ತಿ ಗಟ್ಟಿಯಾಗಿ ಉಜ್ಜಿ, ಆ ಜೀವಕೋಶಗಳು ಕಡ್ಡಿಗೆ ಹತ್ತುವಂತೆ ಮಾಡುವುದು. ಅದಕ್ಕಾಗಿ ಗುಳ್ಳೆಯನ್ನು ಒಡೆಯಬೇಕಿಲ್ಲ. ‘ದ್ರವದ ಮಾದರಿ’ ಎಂದು ಓದಿದ ಸಿಬ್ಬಂದಿ ಸೂಜಿ ಹಿಡಿದು ಚುಚ್ಚಲು ಹೋಗುತ್ತಾರೆ; ಆ ಸೂಜಿ ಅವರ ಬೆರಳಿಗೇ ತಾಗಿ ಸೋಂಕು ಹತ್ತುವ ಅಪಾಯವಿದೆ. ಗುಳ್ಳೆಗಳೆಲ್ಲ ಒಣಗಿರುವ ರೋಗಿ ಬಂದರಂತೂ ‘ದ್ರವ ಸಿಗಲಿಲ್ಲ’ ಎಂದು ಮಾದರಿಯನ್ನೇ ತೆಗೆಯದೆ ಕಳಿಸಿಯಾರು. ಆ ಹೊತ್ತಿಗೆ ಹಕ್ಕಳೆಯೇ ಒಳ್ಳೆಯ ಮಾದರಿ. ಇನ್ನೂ ಒಂದು ತೊಡಕಿದೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ 2022ರ ಮಾರ್ಗಸೂಚಿಯಲ್ಲಿ ಗುಳ್ಳೆಯ ನೀರನ್ನು ಸಣ್ಣ ಸಿರಿಂಜಿನಿಂದ ಎಳೆದುಕೊಳ್ಳುವುದು ಬೇರೆಯದೇ ಒಂದು ಮಾದರಿ. ಸ್ವಾಬಿಗೂ ‘ದ್ರವ’ ಎಂದರೆ ಎರಡೂ ಒಂದೇ ಆಗಿಬಿಡುತ್ತವೆ.

ನನ್ನ ಸಲಹೆ: ‘ಸ್ವಾಬ್’ ಎಂದೇ ಬರೆಯಿರಿ, ಮೊದಲ ಸಲ ಬಂದಲ್ಲಿ ‘ಗುಳ್ಳೆಯನ್ನು ಉಜ್ಜಿ ತೆಗೆದ ಮಾದರಿ’ ಎಂದು ವಿವರಿಸಿ. ‘ಹತ್ತಿಕಡ್ಡಿ’ ಎಂದು ಮಾತ್ರ ಬರೆಯಬೇಡಿ. ಕೇಳಲು ಸೊಗಸಾಗಿದೆ, ಆದರೆ ಬೇಕಾಗಿರುವುದು ಪಾಲಿಯೆಸ್ಟರ್ ಅಥವಾ ನೈಲಾನ್ ತುದಿಯ, ಪ್ಲಾಸ್ಟಿಕ್ ಹಿಡಿಯ ಕಡ್ಡಿ. ಹತ್ತಿಯ ತುದಿ ಮತ್ತು ಮರದ ಹಿಡಿ ಇದ್ದರೆ ಅವುಗಳಿಂದ ಬಿಡುವ ಅಂಶಗಳು ಪಿಸಿಆರ್ (ವೈರಸ್‌ನ ಡಿಎನ್‌ಎ ತುಂಡನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ) ಕ್ರಿಯೆಯನ್ನೇ ತಡೆಯಬಲ್ಲವು.

‘ಲೀಶನ್’ಗೆ ಎಲ್ಲ ಕಡೆಯೂ ‘ಗುಳ್ಳೆ’ ಎಂದರೆ ಸಾಲದು. ಕನ್ನಡದಲ್ಲಿ ಹಂತಹಂತಕ್ಕೂ ಮಾತುಗಳಿವೆ: ಚಪ್ಪಟೆಯಾದ ಕಲೆ, ಉಬ್ಬಿದ ಗಟ್ಟಿ ಬೊಕ್ಕೆ, ನೀರುಗುಳ್ಳೆ, ಕೀವುಗುಳ್ಳೆ, ಹಕ್ಕಳೆ. ಇವನ್ನು ಬೇರೆಬೇರೆಯಾಗಿ ಬಳಸಲು ಕಾರಣವಿದೆ. ಮಾದರಿಯನ್ನು ಮೈಯ ಎರಡು ಬೇರೆ ಜಾಗಗಳಿಂದ ತೆಗೆಯಬೇಕು. ಒಂದೇ ಬಗೆಯ ಎರಡು ಗುಳ್ಳೆಗಳ ಸ್ವಾಬ್ ಒಂದೇ ಟ್ಯೂಬಿಗೆ ಹೋಗಬಹುದು, ಆದರೆ ಹಕ್ಕಳೆ, ಸ್ವಾಬ್, ಗುಳ್ಳೆಯ ನೀರು ಒಂದೇ ಟ್ಯೂಬಿನಲ್ಲಿ ಬೆರೆಯಬಾರದು. ಎಲ್ಲವನ್ನೂ ‘ಗುಳ್ಳೆ’ ಎಂದು ಕರೆದರೆ ಈ ಸೂಚನೆಗೆ ಅರ್ಥವೇ ಉಳಿಯುವುದಿಲ್ಲ.

ಟ್ಯೂಬಿನ ಮಾತು ಬಂದಿದ್ದರಿಂದ: ಒಣ ಟ್ಯೂಬೋ ವಿಟಿಎಂ (ವೈರಸ್ ಮಾದರಿಯನ್ನು ಕೆಡದಂತೆ ಸಾಗಿಸುವ ದ್ರಾವಣ) ಇರುವ ಟ್ಯೂಬೋ ಎಂಬುದನ್ನು ಬಳಸುವ ಕಿಟ್ ನಿರ್ಧರಿಸುತ್ತದೆ. ವಿಟಿಎಂನಲ್ಲಿಟ್ಟ ಸ್ವಾಬಿಗಷ್ಟೇ ಒಪ್ಪಿಗೆಯಿರುವ, ಯಂತ್ರದೊಳಗೆ ಇಡುವ ಪರೀಕ್ಷಾ ಡಬ್ಬಿ ಅಂದರೆ ಕಾರ್ಟ್ರಿಡ್ಜ್‌ಗೆ ಒಣ ಸ್ವಾಬ್ ಕಳಿಸಿದರೆ ಮತ್ತೆ ರೋಗಿಯನ್ನು ಕರೆಸಬೇಕಾಗುತ್ತದೆ. ತೆಗೆದ ಒಂದು ಗಂಟೆಯೊಳಗೆ ಮಾದರಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿಗೆ ಹೋಗಬೇಕು. ಏಳು ದಿನಕ್ಕಿಂತ ಹೆಚ್ಚು ಇಡುವುದಾದರೆ ಮೈನಸ್ 20 ಅಥವಾ ಅದಕ್ಕಿಂತ ಕೆಳಗೆ.

ಈಗ ‘ರ‍್ಯಾಪಿಡ್’. ‘ತ್ವರಿತ’ ಎಂಬ ಪದದಲ್ಲಿ ದೋಷವಿಲ್ಲ, ಆದರೆ ‘ತ್ವರಿತ ಪರೀಕ್ಷೆ’ ಎಂದೊಡನೆ ಓದುಗರ ಕಣ್ಣಮುಂದೆ ಬರುವುದು ಕೋವಿಡ್‌ನ ಎರಡು ಗೆರೆಯ ಪಟ್ಟಿ. ಎಂಪಾಕ್ಸ್‌ಗೆ ಆ ಬಗೆಯ ಆಂಟಿಜೆನ್ ಪಟ್ಟಿಗಳನ್ನು ನೆಚ್ಚುವಂತಿಲ್ಲ. ಕಾಂಗೋದಲ್ಲಿ ಒರೆಗೆ ಹಚ್ಚಿದಾಗ ಪಿಸಿಆರ್‌ನಲ್ಲಿ ಪಾಸಿಟಿವ್ ಬಂದವರನ್ನೂ ಅವು ದೊಡ್ಡ ಪ್ರಮಾಣದಲ್ಲಿ ತಪ್ಪಿಸಿಬಿಟ್ಟವು. ರಕ್ತದ ಆಂಟಿಬಾಡಿ ಪಟ್ಟಿಯದು ಬೇರೆ ತೊಂದರೆ: ಆರ್ಥೋಪಾಕ್ಸ್ ಗುಂಪಿನ (ಸಿಡುಬು, ಎಂಪಾಕ್ಸ್ ಮುಂತಾದ) ವೈರಸ್‌ಗಳು ಒಂದನ್ನೊಂದು ಹೋಲುವುದರಿಂದ, ಹಿಂದೆ ಸಿಡುಬಿನ ಲಸಿಕೆ ಹಾಕಿಸಿಕೊಂಡ ಹಿರಿಯರಲ್ಲೂ ಗೆರೆ ಮೂಡಬಹುದು. ಎಂಪಾಕ್ಸ್ ಪತ್ತೆಯಲ್ಲಿ ನಿಜವಾಗಿ ಬೇಗ ಉತ್ತರ ಕೊಡುವುದು ಕಾರ್ಟ್ರಿಡ್ಜ್ ಪಿಸಿಆರ್, ಅಂದರೆ ಕ್ಷಯದ ತಪಾಸಣೆಯಿಂದ ನಮ್ಮವರಿಗೆ ‘ಸಿಬಿನ್ಯಾಟ್’ ಎಂದು ಪರಿಚಯವಿರುವ ಯಂತ್ರದ ಬಗೆಯದು. ಅದೇ ಯಂತ್ರದಲ್ಲಿ ಓಡುವ ಎಂಪಾಕ್ಸ್ ಕಾರ್ಟ್ರಿಡ್ಜ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ತುರ್ತು ಬಳಕೆಯ ಮಾನ್ಯತೆ ಕೊಟ್ಟಿತು. ಮಾದರಿ ಹಾಕಿದ ಮೇಲೆ ಉತ್ತರಕ್ಕೆ ಒಂದು ಗಂಟೆಯೂ ಬೇಡ. ಕೈಪಿಡಿಯಲ್ಲಿ ‘ಕಾರ್ಟ್ರಿಡ್ಜ್ ಪಿಸಿಆರ್’, ‘ಪಟ್ಟಿ ಪರೀಕ್ಷೆ’ ಎಂದು ಎರಡನ್ನೂ ಬಿಡಿಸಿ ಬರೆಯಿರಿ.

ಹಾಗೆಯೇ ‘ಆರ್‌ಟಿ-ಪಿಸಿಆರ್’ ಎಂದೂ ಬೇಡ. ಕೋವಿಡ್ ವೈರಸ್‌ನದು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ಆಗಿ ಬದಲಿಸುವ ಹಂತಕ್ಕೆ ಆ ‘ಆರ್‌ಟಿ’. ಪಾಕ್ಸ್ ವೈರಸ್‌ಗಳದು ಡಿಎನ್‌ಎಯೇ, ಆ ಹಂತವೇ ಇಲ್ಲ. ‘ಪಿಸಿಆರ್’ ಸಾಕು.

ಫಲಿತಾಂಶದ ಪದಗಳು: ‘ಧನಾತ್ಮಕ, ಋಣಾತ್ಮಕ’ ಲೆಕ್ಕದ ಪುಸ್ತಕಕ್ಕಿರಲಿ, ‘ವೈರಸ್ ಪತ್ತೆಯಾಗಿದೆ’, ‘ಪತ್ತೆಯಾಗಿಲ್ಲ’ ಎನ್ನಿ. ‘ರೋಗವಿಲ್ಲ’ ಎನ್ನಬೇಡಿ. ‘ಇನ್‌ವ್ಯಾಲಿಡ್’ಗೆ ‘ಅಸಿಂಧು’ ಚೆನ್ನಾಗಿ ಹೊಂದುತ್ತದೆ. ಮತಪತ್ರದಿಂದ ಎಲ್ಲರಿಗೂ ಗೊತ್ತಿರುವ ಮಾತು. ಮಾದರಿಯಲ್ಲಿ ಮನುಷ್ಯ ಜೀವಕೋಶದ ಜೀನ್ ಇದೆಯೇ ಎಂದು ಅನೇಕ ಕಿಟ್‌ಗಳು ಜೊತೆಯಲ್ಲೇ ನೋಡುತ್ತವೆ. ಮೆಲ್ಲಗೆ ಸವರಿ ತೆಗೆದ ಸ್ವಾಬಿನಲ್ಲಿ ಅದೂ ಸಿಗದೆ, ವೈರಸ್ಸೂ ಸಿಗದಿದ್ದರೆ ಅದು ಅಸಿಂಧು. ಹೊಸ ಸ್ವಾಬ್ ತೆಗೆಯಬೇಕು. ಇದನ್ನು ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟರೆ ಸೋಂಕಿತರು ಮನೆಗೆ ಹೋಗುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಸಂಪರ್ಕದ ಹಿನ್ನೆಲೆಯೇ ಇಲ್ಲದವರಲ್ಲಿ ಸಿಟಿ ಮೌಲ್ಯ (ವೈರಸ್ ಕಾಣಿಸಲು ಪಿಸಿಆರ್‌ಗೆ ಬೇಕಾದ ಸುತ್ತುಗಳ ಸಂಖ್ಯೆ; ಹೆಚ್ಚಿದ್ದಷ್ಟೂ ವೈರಸ್ ಕಡಿಮೆ) 34 ಅಥವಾ ಅದಕ್ಕಿಂತ ಹೆಚ್ಚಾಗಿ ಪಾಸಿಟಿವ್ ಬಂದರೆ ‘ಹುಸಿ ಪಾಸಿಟಿವ್’ ಇರಬಹುದೆಂದು ಮತ್ತೊಮ್ಮೆ ಡಿಎನ್‌ಎ ಬಿಡಿಸಿ ಪರೀಕ್ಷಿಸಬೇಕು.

‘ಹುಸಿ ನೆಗೆಟಿವ್’ಗೆ ಯಂತ್ರದ ಕಡೆಯಿಂದಲೂ ಕಾರಣ ಬರುತ್ತದೆ. ಪರೀಕ್ಷೆ ಹುಡುಕುವ ಜೀನಿನ ತುಂಡೇ ವೈರಸ್‌ನಲ್ಲಿ ಅಳಿಸಿಹೋಗಿದ್ದರೆ ಅದು ಕಾಣುವುದಿಲ್ಲ. 2022ರಲ್ಲಿ ಅಮೆರಿಕದಲ್ಲಿಯೂ, ಆಮೇಲೆ ಕಾಂಗೋದಲ್ಲಿ ಕಂಡ ಎಂಪಾಕ್ಸ್ ವೈರಸ್‌ನ ಒಂದು-ಬಿ (ಕ್ಲೇಡ್ 1ಬಿ) ಕವಲಿನಲ್ಲಿಯೂ ಹೀಗಾಯಿತು. ಅದಕ್ಕೇ ಎರಡು ಬೇರೆ ಜೀನುಗಳನ್ನು ಹುಡುಕುವ ಕಿಟ್ ಮೇಲು.

ಇನ್ನು ‘ಮಂಗನ ಸಿಡುಬು’. ಶಿವಮೊಗ್ಗ, ಉತ್ತರ ಕನ್ನಡದಲ್ಲಿ ‘ಮಂಗನ ಕಾಯಿಲೆ’ ಎಂದರೆ 1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಗುರುತಾದ, ಉಣುಗಿನಿಂದ ಹರಡುವ ಜ್ವರ. ಅದಕ್ಕೆ ಬೇಕಾದ್ದು ರಕ್ತ, ಇದಕ್ಕೆ ಗುಳ್ಳೆಯ ಸ್ವಾಬ್. ಮಲೆನಾಡಿನ ಲ್ಯಾಬ್ ಚೀಟಿಯಲ್ಲಿ ಈ ಎರಡು ಹೆಸರು ಅಕ್ಕಪಕ್ಕ ಬಂದರೆ ತಪ್ಪು ಮಾದರಿ ಹೋಗುವುದು ಖಂಡಿತ. ವಿಶ್ವ ಆರೋಗ್ಯ ಸಂಸ್ಥೆಯೂ 2022ರ ನವೆಂಬರ್ 28ರಂದು ಹೆಸರು ಬದಲಿಸಿದೆ. ‘ಎಂಪಾಕ್ಸ್’ ಇರಲಿ.

*

ಪಶುವೈದ್ಯಕೀಯದ ಕಡೆಯಿಂದ ಒಂದೆರಡು ಮಾತು. ಮೇಲಿನ ಉತ್ತರ ಪೂರ್ತಿ ಒಪ್ಪಿಗೆ. ಕೈಪಿಡಿಯಲ್ಲಿ ‘ಪಾಕ್ಸ್’ ಎಂಬುದನ್ನೆಲ್ಲ ‘ಸಿಡುಬು’ ಮಾಡಬೇಡಿ. ಚಿಕನ್‌ಪಾಕ್ಸ್ ಪಾಕ್ಸ್ ವೈರಸ್ಸೇ ಅಲ್ಲ, ಹರ್ಪಿಸ್ ಕುಟುಂಬದ್ದು; ನಮ್ಮಲ್ಲಿ ಅದು ಸೀತಾಳೆ ಸಿಡುಬು. ‘ಕೋಳಿ ಸಿಡುಬು’ ಎಂದರೆ ಕೋಳಿಗಳಿಗೇ ಬರುವ ರೋಗ. ಎಂಪಾಕ್ಸ್ ಶಂಕೆಯ ಮಾದರಿಯಲ್ಲಿ ಸೀತಾಳೆ ಸಿಡುಬಿನ ಪಿಸಿಆರ್ ಕೂಡ ಮಾಡಬೇಕಾದ್ದರಿಂದ ಈ ಹೆಸರುಗಳು ಕಲಸಿಹೋಗುವಂತಿಲ್ಲ. ದನಗಳ ಚರ್ಮಗಂಟು ರೋಗದ್ದು ಕ್ಯಾಪ್ರಿಪಾಕ್ಸ್ ಎಂಬ ಬೇರೆ ಗುಂಪಿನ ವೈರಸ್. ಅದು ಮನುಷ್ಯರಿಗೆ ಹರಡುವುದಿಲ್ಲ, ಆರ್ಥೋಪಾಕ್ಸ್ ಪರೀಕ್ಷೆಗೆ ಸಿಗುವುದೂ ಇಲ್ಲ.

ಎಮ್ಮೆ ಸಿಡುಬು ಮಾತ್ರ ಹಾಗಲ್ಲ. ಅದು ವ್ಯಾಕ್ಸೀನಿಯಾದ (ಸಿಡುಬಿನ ಲಸಿಕೆಗೆ ಬಳಸಿದ ವೈರಸ್‌ನ) ಒಂದು ಬಗೆ, ಆರ್ಥೋಪಾಕ್ಸ್ ಗುಂಪಿನದೇ. ಕೆಚ್ಚಲಲ್ಲಿ ಗುಳ್ಳೆಯಿರುವ ಎಮ್ಮೆಯ ಹಾಲು ಕರೆದವರ ಕೈಬೆರಳಿಗೂ ಅದು ಏಳುತ್ತದೆ. ಅವರ ಸ್ವಾಬಿನಲ್ಲಿ ‘ಆರ್ಥೋಪಾಕ್ಸ್ ಪತ್ತೆಯಾಗಿದೆ’ ಎಂದು ಬಂದರೆ ಅಷ್ಟಕ್ಕೇ ಎಂಪಾಕ್ಸ್ ಎಂದು ಘೋಷಿಸಬಾರದು. ಎಂಪಾಕ್ಸ್‌ಗೇ ಮೀಸಲಾದ ಜೀನಿನ ಪಿಸಿಆರ್ ಆಗಬೇಕು, ಸಂಶಯವಿದ್ದರೆ ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ, ಅಂದರೆ ಎನ್‌ಐವಿಗೆ ಹೋಗಬೇಕು. ಆದ್ದರಿಂದ ಕೈಪಿಡಿಯ ಕೊನೆಯ ಮಾದರಿ ಚೀಟಿಯಲ್ಲಿ, ಪ್ರಯಾಣದ ವಿವರದ ಪಕ್ಕ, ‘ಕಳೆದ ಮೂರು ವಾರದಲ್ಲಿ ಎಮ್ಮೆ, ಹಸುವಿನ ಹಾಲು ಕರೆದಿದ್ದಾರೆಯೇ?’ ಎಂಬ ಸಾಲನ್ನೂ ಸೇರಿಸಿ.