‘ನಮ್ಮ ಮನೆ’ ಗುಂಪಿನಲ್ಲಿ 3.95 ಲಕ್ಷದ ಹೋಂಡಾ ಸಿಟಿ

*ಶನಿವಾರ*

ಪುಟ್ಟ: (6 ಫೋಟೋ) ಹೋಂಡಾ ಸಿಟಿ, ಪೆಟ್ರೋಲ್, ಗೇರ್ ಗಾಡಿ. ಉಡುಪಿ ನೋಂದಣಿ, ಮಾರ್ಚ್ 2012. ಸೆಕೆಂಡ್ ಓನರ್. 68,000 ಕಿ.ಮೀ. 3.95 ಹೇಳ್ತಿದಾರೆ. ಅಪ್ಪನ್ನ ತಿಂಗಳಿಗೆರಡು ಸಲ ಶಿವಮೊಗ್ಗ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಲ್ಲ, ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ಸಾಕಾಗಿದೆ. ಎಲ್ರೂ ಏನಂತೀರಿ? ಇವತ್ತೇ 20,000 ಟೋಕನ್ ಹಾಕ್ದೇ ಇದ್ರೆ ಇನ್ನೊಂದು ಪಾರ್ಟಿ ರೆಡಿ ಇದೆಯಂತೆ.

ಬಾವ: ಯೋಚನೆ ಮಾಡ್ಬೇಡ ಪುಟ್ಟ, ತಗೋ. 1.5 ಲೀಟರ್ ಐ-ವಿಟೆಕ್ ಎಂಜಿನ್, 118 ಪಿಎಸ್ ಶಕ್ತಿ. ಟೈಮಿಂಗ್ ಚೈನು, ಬೆಲ್ಟ್ ಬದಲಾಯಿಸೋ ತಲೆನೋವೇ ಇಲ್ಲ. ಆಯಿಲ್ ಸರಿಯಾಗಿ ಹಾಕಿದ್ರೆ ಎರಡು ಲಕ್ಷ ಕಿ.ಮೀ. ಆರಾಮಾಗಿ ಓಡುತ್ತೆ.

ದೊಡ್ಡಪ್ಪ: ಹದಿನಾಲ್ಕು ವರ್ಷದ ಹಳೇ ಕಾರಿಗೆ ನಾಲ್ಕು ಲಕ್ಷವೇ? ಜಿಎಸ್‌ಟಿ ಇಳಿದ ಮೇಲೆ ಹೊಸ ಆಲ್ಟೋನೇ ಮೂರೂಮುಕ್ಕಾಲಿನ ಒಳಗೆ ಬರ್ತದೆ ಅಂತ ಪೇಪರಲ್ಲಿತ್ತು.

ಬಾವ: ಅದು ಶೋರೂಂ ಬೆಲೆ ದೊಡ್ಡಪ್ಪ. ನಮ್ಮ ರಾಜ್ಯದ ರೋಡ್ ಟ್ಯಾಕ್ಸು, ಇನ್ಶೂರೆನ್ಸು ಎಲ್ಲ ಸೇರಿ ನಾಲ್ಕೂವರೆ ಹತ್ತಿರ ಹೋಗುತ್ತೆ. ಸಿಟಿ ಎಲ್ಲಿ, ಆಲ್ಟೋ ಎಲ್ಲಿ!

ದೊಡ್ಡಪ್ಪ: ಈಗಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸ್ತಾರಲ್ಲ, ಹಳೇ ಎಂಜಿನ್ನಿಗೆ ಆಗ್ತದೋ?

ಬಾವ: 2009ರಿಂದ ಈಚೆಗಿನ ಗಾಡಿಗಳ ಭಾಗಗಳಿಗೆ ಏನೂ ತೊಂದರೆ ಇಲ್ಲ ಅಂತ ಹೋಂಡಾದವರೇ ಹೇಳಿದ್ದಾರೆ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಅಷ್ಟೇ.

ಅತ್ತೆ: ಪುಟ್ಟನ ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ ಅನ್ನೋದು ಯಾರಿಗಾದ್ರೂ ನೆನಪಿದೆಯಾ? ಆ ಕಾರಲ್ಲಿ ಕೂರೋದು ನೆಲದಲ್ಲಿ ಕೂತ ಹಾಗೆ. ಕೂರೋದು ಸುಲಭ, ಏಳೋದು ಕಷ್ಟ. ನಮ್ಮನೆಯವರು ಅಂಥದ್ರಲ್ಲಿ ಕೂತು ಇಳಿಯೋವಾಗ ಬಾಗಿಲು ಹಿಡಿದು ನಿಂತಿದ್ದು ನಾನೇ.

ನಾನು: ಅತ್ತೆ ಹೇಳಿದ್ದೇ ಮೊದಲ ಪ್ರಶ್ನೆ. ಚಿಕ್ಕಪ್ಪ ಒಂದು ಸಲ ಕೂತು ಎದ್ದು ನೋಡೋವರೆಗೆ ಬೆಲೆ ಮಾತೇ ಬೇಡ. ಪುಟ್ಟ, ದಯವಿಟ್ಟು ಇವತ್ತು ಟೋಕನ್ ಹಾಕ್ಬೇಡ. ಇನ್ನೊಂದು ಪಾರ್ಟಿ ಇದೆ ಅಂತ ಎಲ್ಲ ಕಾರಿಗೂ ಹೇಳ್ತಾರೆ. ಇದು ಚಿಕ್ಕಪ್ಪನ ಈ ವರ್ಷದ ಅಡಿಕೆ ದುಡ್ಡು, ಬೇರೆ ದುಡ್ಡಿಲ್ಲ ಅವರ ಹತ್ತಿರ.

ಇನ್ನೊಂದು ವಿಷಯ. ಮಾರ್ಚ್ 2012 ಅಂದ್ರೆ ಮಾರ್ಚ್ 2027ಕ್ಕೆ ಹದಿನೈದು ವರ್ಷ. ಆವತ್ತಿಗೆ ಆರ್‌ಸಿ ಮುಗಿಯುತ್ತೆ. ಆರ್‌ಟಿಒಗೆ ಗಾಡಿ ತೋರಿಸಿ ಪಾಸ್ ಮಾಡಿಸಿದ್ರೆ ಇನ್ನು ಐದು ವರ್ಷ ಕೊಡ್ತಾರೆ. 2022ರಿಂದ ಕಾರಿಗೆ ಅದರ ಫೀಸೇ 5,000, ಮೇಲೆ ಹಳೇ ಗಾಡಿಗೆ ಹಾಕೋ ಹಸಿರು ತೆರಿಗೆ. ದುಡ್ಡು ದೊಡ್ಡದಲ್ಲ. ಆದ್ರೆ ಪಾಸ್ ಆಗೋ ಸ್ಥಿತಿಯಲ್ಲಿ ಗಾಡಿ ಇರಬೇಕಲ್ಲ? ಕರಾವಳಿಯಲ್ಲಿ ಓಡಿದ ಗಾಡಿ. ಮೇಲೆ ಪಾಲಿಶ್ ಹೊಡೆದಿರ್ತಾರೆ, ಉಪ್ಪುಗಾಳಿ ತಿಂದಿರೋದು ಕೆಳಗೆ.

ದೊಡ್ಡಪ್ಪ: ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚದೇ ಯಾರಾದ್ರೂ ಬೆಲೆ ಕಟ್ತಾರೇನೋ ಪುಟ್ಟಾ?

ಪುಟ್ಟ: ಮೈಸೂರಿಂದ ಉಡುಪಿಗೆ ಹೋಗಿ ಬರೋಕೆ ರಜೆ ಇಲ್ಲ ದೊಡ್ಡಪ್ಪ. ಅದಕ್ಕೇ ಕೇಳಿದ್ದು.

ಅಕ್ಕ: ನಾನಿಲ್ಲೇ ಇದ್ದೇನಲ್ಲ ಮಾರಾಯ. ನಾಳೆ ನಮ್ಮ ಮೆಕ್ಯಾನಿಕ್ ಕರ್ಕೊಂಡು ಹೋಗ್ತೇನೆ. ಏನೇನು ನೋಡ್ಬೇಕು ಹೇಳಿ.

ನಾನು: ಅಕ್ಕ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಯಾಕೆ ಅಂತ ಕೇಳು. ಸೀಟ್ ಬೆಲ್ಟ್ ಪೂರ್ತಿ ಕೊನೇವರೆಗೂ ಎಳಿ. ಕಾರು ನೀರಲ್ಲಿ ಮುಳುಗಿದ್ರೆ ಸೀಟು, ಮ್ಯಾಟು ಎಲ್ಲ ತೊಳೆದಿರ್ತಾರೆ, ಬೆಲ್ಟಿನ ಒಳಗಿನ ಕೆಸರಿನ ಗೆರೆ ಮಾತ್ರ ಮರೆತಿರ್ತಾರೆ. ಟೈರ್ ಪಕ್ಕದಲ್ಲಿ ಇಂಗ್ಲಿಷಲ್ಲಿ DOT ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ, ಅದರ ಫೋಟೋ ಕಳಿಸು. ಆರ್‌ಸಿ ಫೋಟೋನೂ ಬೇಕು. 2012ರಲ್ಲಿ ತಯಾರಾದ ಸಿಟಿಗಳ ಏರ್‌ಬ್ಯಾಗನ್ನ ಕಂಪನಿಯವರು 2017ರಲ್ಲಿ ವಾಪಸ್ ಕರೆಸಿ ಪುಕ್ಕಟೆ ಬದಲಾಯಿಸಿ ಕೊಟ್ಟಿದ್ರು. ಟಕಾಟಾ ಅನ್ನೋ ಕಂಪನಿ ಮಾಡಿದ ಭಾಗ ಅದು. ಸೆಕೆ, ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಒಳಗಿನ ಸಿಡಿಮದ್ದು ಕೆಟ್ಟರೆ, ಅಪಘಾತದಲ್ಲಿ ಬಿಚ್ಚಿಕೊಳ್ಳುವಾಗ ಲೋಹದ ಚೂರು ಮುಖಕ್ಕೆ ಹಾರುತ್ತೆ. ಉಡುಪಿಯ ಸೆಕೆ ನಿನಗೆ ಗೊತ್ತಲ್ಲ. ಈ ಕಾರಿನದ್ದು ಬದಲಾಯಿಸಿದ್ದಾರಾ ಅಂತ ಚಾಸಿ ನಂಬರ್ ಹಾಕಿ ನೋಡ್ತೀನಿ.

ಬಾವ: ಇಷ್ಟೆಲ್ಲ ನೋಡ್ತಾ ಕೂತ್ರೆ ಯಾವ ಹಳೇ ಕಾರೂ ತಗೊಳ್ಳೋಕಾಗಲ್ಲ.

ನಾನು: ತಗೊಳ್ಬೇಕು ಅಂತಲೇ ನೋಡ್ತಿರೋದು ಬಾವ.

*ಭಾನುವಾರ*

ಅಕ್ಕ: (14 ಫೋಟೋ) ನೋಡಿ ಬಂದೆ. ಬಣ್ಣ ಚಂದ ಉಂಟು. ಎಂಜಿನ್ ಶಬ್ದ ಮೆಕ್ಯಾನಿಕ್‌ಗೆ ಇಷ್ಟ ಆಯ್ತು, ಹೊಗೆ ಇಲ್ಲ. ಬೆಲ್ಟ್ ಕ್ಲೀನ್, ನೀರಲ್ಲಿ ಮುಳುಗಿದ ಗಾಡಿ ಅಲ್ಲ. ಎ.ಸಿ. ತಣ್ಣಗೆ ಬರ್ತದೆ. ಮುಂದಿನ ಸಸ್ಪೆನ್ಶನ್ ಹಂಪಲ್ಲಿ ಟಕ್ ಟಕ್ ಅಂತದೆ. ಎಡಗಡೆ ಬಾಗಿಲ ಕೆಳಗಿನ ಪಟ್ಟಿಗೆ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ್ರು, ಬಣ್ಣದ ಜೊತೆ ತುಕ್ಕಿನ ಪುಡಿ ಉದುರಿತು. ಆರ್‌ಸಿ ಇನ್ನೂ ಹಿಂದಿನವರ ಹೆಸರಲ್ಲೇ ಉಂಟು. ಸಹಿ ಹಾಕಿದ 29, 30 ಫಾರಂ ಕೊಡ್ತೇವೆ, ವರ್ಗಾವಣೆ ನೀವು ನಿಧಾನಕ್ಕೆ ಮಾಡಿಸ್ಕೊಳ್ಳಿ ಅಂದ್ರು.

ನಾನು: ಟೈರ್ ಅಂಕಿ 2317. ಅಂದ್ರೆ 2017ರ 23ನೇ ವಾರ. ಗೆರೆ ಆಳ ಕಂಡ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಗಾಲದ ಘಾಟಿಗೆ ಅವು ಬೇಡವೇ ಬೇಡ. ಏರ್‌ಬ್ಯಾಗ್ ನೋಡಿದೆ, ಬದಲಾಯಿಸಿ ಆಗಿದೆ, ಸಮಾಧಾನ. ಆರ್‌ಸಿ ವಿಷಯ ಮಾತ್ರ ನಿಧಾನಕ್ಕೆ ಅನ್ನೋಕಾಗಲ್ಲ. ಅಪಘಾತ ಆದ್ರೆ ಆರ್‌ಸಿಯಲ್ಲಿ ಹೆಸರಿದ್ದೋರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಾಗಿ ಹಿಂದಿನವರು ಯಾವತ್ತಾದ್ರೂ ತಕರಾರು ತೆಗೀಬಹುದು. ವರ್ಗಾವಣೆ ಆಗಿ ಆರ್‌ಸಿ ಕೈಗೆ ಬಂದ ಮೇಲೇ ಪೂರ್ತಿ ದುಡ್ಡು.

ಮೆಕ್ಯಾನಿಕ್ ಲೆಕ್ಕ ಏನು ಅಕ್ಕ?

ಅಕ್ಕ: ನಾಲ್ಕು ಟೈರ್ 22,000. ಸಸ್ಪೆನ್ಶನ್ 18,000. ತುಕ್ಕು ಕತ್ತರಿಸಿ ವೆಲ್ಡಿಂಗ್, ಬಣ್ಣ 15,000. ಬ್ಯಾಟರಿ 5,500.

ನಾನು: 60,500. ಅಲ್ಲಿಗೆ ಈ ಕಾರು 3.95 ಅಲ್ಲ, ನಾಲ್ಕೂವರೆ. ದೊಡ್ಡಪ್ಪನ ಹೊಸ ಆಲ್ಟೋ ಬೆಲೆಗೇ ಬಂತು. ಈಗಿನ ಆಲ್ಟೋಗೆ ಆರು ಏರ್‌ಬ್ಯಾಗ್ ಬೇರೆ.

ಬಾವ: ಹಾಗಿದ್ರೆ 3.20ಕ್ಕೆ ಕೇಳಿ. ಕೊಡ್ತಾರೆ. 68,000 ಓಡಿದ ಸಿಟಿ ಸುಲಭಕ್ಕೆ ಸಿಗಲ್ಲ.

ಅಕ್ಕ: ಅದನ್ನೇ ಹೇಳ್ಬೇಕು ಅಂತಿದ್ದೆ. ಕೊನೇ ಫೋಟೋ ದೊಡ್ಡದು ಮಾಡಿ ನೋಡಿ. ಬಾನೆಟ್ ಒಳಗೆ, ಏರ್ ಫಿಲ್ಟರ್ ಡಬ್ಬದ ಪಕ್ಕ.

ಪುಟ್ಟ: ಏನದು? ಎಣ್ಣೆ ಹತ್ತಿದ ಚೀಟಿ?

ಅಕ್ಕ: ಆಯಿಲ್ ಬದಲಾಯಿಸಿದಾಗ ಅಂಟಿಸೋ ಚೀಟಿ. 2021ರದ್ದು. ಪೆನ್ನಲ್ಲಿ ಬರೆದಿದೆ, ‘ಮುಂದಿನ ಸರ್ವಿಸ್ 1,02,000’. ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿ ಒಂದು ಮೂಲೆಯಲ್ಲಿ ಕಬ್ಬಿಣ ಕಾಣ್ತದೆ, ಅದು 68,000ಕ್ಕೆ ಆಗೋ ಸವೆತ ಅಲ್ಲ ಅಂತ ಮೆಕ್ಯಾನಿಕ್ ಆಗಲೇ ಅಂದಿದ್ರು. ಮಾರೋನಿಗೆ ಚೀಟಿ ತೋರಿಸಿದೆ. ‘ಅದು ಬೇರೆ ಗಾಡಿದು ಇರ್ಬೇಕು ಮೇಡಂ’ ಅಂದ.

ದೊಡ್ಡಪ್ಪ: ಬೇರೆ ಗಾಡಿಯ ಚೀಟಿ ಈ ಗಾಡಿಗೆ ಹಾರಿ ಬಂತೇ!

ಬಾವ: ಮೀಟರ್ ತಿರುಗಿಸಿದ್ದಾರೆ, ಸರಿ, ತಪ್ಪೇ. ಆದ್ರೂ ಒಂದು ಲಕ್ಷ ಚಿಲ್ಲರೆ ಈ ಎಂಜಿನ್ನಿಗೆ ದೊಡ್ಡದಲ್ಲ, ಶಬ್ದ ಚೆನ್ನಾಗಿದೆ ಅಂತ ಮೆಕ್ಯಾನಿಕ್ಕೇ ಹೇಳಿದ್ದಾರೆ. ಈ ಚೀಟಿ ಇಟ್ಕೊಂಡೇ ಎರಡೂಮುಕ್ಕಾಲಿಗೆ ಇಳಿಸಿ. ಅಷ್ಟಕ್ಕೆ ಖಂಡಿತ ಬಾಳುತ್ತೆ.

ನಾನು: ಬಾವ, ಎಂಜಿನ್ ಬಗ್ಗೆ ನಿಮ್ಮ ಮಾತು ಒಪ್ತೀನಿ. ಮೊದಲೇ 1,15,000 ಓಡಿದೆ ಅಂತ ಹೇಳಿ ಮೂರು ಲಕ್ಷ ಕೇಳಿದ್ರೆ ನಾನೇ ತಗೊಳ್ಳಿ ಅಂತಿದ್ದೆ. ಆದ್ರೆ ಈಗ ಒಂದು ಲಕ್ಷವೋ ಒಂದೂವರೆಯೋ ಯಾರಿಗೆ ಗೊತ್ತು? ಕ್ಲಚ್ ಯಾವಾಗ ಹಾಕಿದ್ದು, ಆ ಎಡಗಡೆ ಪಟ್ಟಿ ಬರೀ ತುಕ್ಕೋ, ಯಾವುದಾದ್ರೂ ಪೆಟ್ಟು ತಿಂದು ಬಣ್ಣ ಬಳಿದಿದ್ದೋ? ಎಲ್ಲದಕ್ಕೂ ಅದೇ ಮನುಷ್ಯನ ಬಾಯಿಮಾತೇ ಆಧಾರ. ಇನ್ನೊಬ್ಬರ ಹೆಸರಲ್ಲಿರೋ ಆರ್‌ಸಿ ವರ್ಗಾವಣೆಗೂ ಅವನನ್ನೇ ನಂಬಬೇಕು. ನಾವು ನೀವಾದ್ರೆ ದಾರಿಯಲ್ಲಿ ಗಾಡಿ ನಿಂತ್ರೆ ಬಸ್ ಹತ್ತಿ ಬರ್ತೀವಿ. ಚಿಕ್ಕಪ್ಪ ಆಸ್ಪತ್ರೆಯಿಂದ ವಾಪಸ್ ಬರುವಾಗ, ಸಂಜೆ, ಆನಂದಪುರದ ಹತ್ತಿರ ನಿಂತ್ರೆ? ಎರಡೂಮುಕ್ಕಾಲಿಗೂ ಬೇಡ ಅಂತ ನನ್ನ ಅಭಿಪ್ರಾಯ.

ಅತ್ತೆ: ನಂದೂ ಅದೇ.

ಬಾವ: ನಾನಾಗಿದ್ರೆ ತಗೊಳ್ತಿದ್ದೆ. ಆದ್ರೆ ಓಡಾಡೋದು ಚಿಕ್ಕಪ್ಪ, ಅವರೇ ಹೇಳ್ಲಿ.

ಚಿಕ್ಕಪ್ಪ: ಎಲ್ಲ ಓದಿದೆ. ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಇಷ್ಟೊಂದು ಬರೆದಿದ್ದೀರಿ. ಫೋಟೋ ನೋಡಿದಾಗ ನನಗೂ ಆಸೆ ಆಗಿತ್ತು, ಬಿಳಿ ಬಣ್ಣ ಚೆಂದ ಇತ್ತು. ಬೇಡ ಬಿಡಿ. ಅಕ್ಕನ ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೂಲಿ ನಾನು ಕೊಡ್ತೇನೆ, ಎಷ್ಟು ಅಂತ ಹೇಳು ಮಗಾ.

ಅಕ್ಕ: ಅವರು ತಗೊಳ್ಳಲಿಲ್ಲ ಚಿಕ್ಕಪ್ಪ. ಎತ್ತರದ ಸೀಟಿನ ಗಾಡಿ ಕಣ್ಣಿಗೆ ಬಿದ್ರೆ ಹೇಳ್ತೇನೆ ಅಂದಿದ್ದಾರೆ.

ಪುಟ್ಟ: ಟೋಕನ್ ಹಾಕಿಲ್ಲ ಅಣ್ಣ. ನಿನ್ನೆ ಹಾಕೋದಕ್ಕೆ ಫೋನ್ ಕೈಯಲ್ಲಿ ಹಿಡಿದಿದ್ದೆ.

ಚಿಕ್ಕಪ್ಪ: ಪುಟ್ಟ, ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಾಡಿಗೆ ಕಾರಿನವನಿಗೆ ಹೇಳಿಬಿಡು.