10 ಟನ್ ಬೋರ್ಡ್ ಇರುವ ಸೇತುವೆ ಮೇಲೆ ದಿನಾ ಟಿಪ್ಪರ್. ಬೋರ್ಡ್ ಯಾಕೆ ಹಾಗಾದ್ರೆ?

ಹಳ್ಳದ ದಂಡೆ: ನಮ್ಮೂರ ಹಳ್ಳದ ಸೇತುವೆಗೆ ‘10 ಟನ್ ಮೀರಿದ ವಾಹನ ನಿಷೇಧ’ ಅಂತ ಬೋರ್ಡ್ ಹಾಕಿ ಎರಡು ವರ್ಷ ಆಯ್ತು. ಎಂ ಸ್ಯಾಂಡ್ (ಕ್ರಷರ್‌ನಲ್ಲಿ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಟಿಪ್ಪರ್‌ಗಳು ನೀರು ತೊಟ್ಟಿಕ್ಕಿಸುತ್ತಾ ದಿನಾ ಹೋಗುತ್ತಿವೆ. ಸೇತುವೆ ನಿಂತೇ ಇದೆ. ಬೋರ್ಡ್ ಸುಮ್ನೆ ಹಾಕಿದ್ದಾ?

ಹತ್ತು ಚಕ್ರ: ನಾನೇ ಟಿಪ್ಪರ್ ಓಡಿಸುವವನು. 10 ಟನ್ ಅಂದ್ರೆ ಮರಳಿನ ತೂಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಗಾಡಿಯೂ ಸೇರಿ. ನನ್ನ ಗಾಡಿ ಖಾಲಿ ಇದ್ದಾಗಲೇ 11 ತೂಗುತ್ತದೆ. ಆದ್ರೆ 2018ರಲ್ಲಿ ಸರ್ಕಾರವೇ ನಮ್ಮಂಥ ಗಾಡಿಯ ಪಾಸಿಂಗನ್ನು, ಅಂದ್ರೆ ಮಾಲೂ ಸೇರಿ ಇರಬಹುದಾದ ಒಟ್ಟು ತೂಕವನ್ನು, 25ರಿಂದ 28.5 ಟನ್‌ಗೆ ಏರಿಸಿತಲ್ಲ? ಸೇತುವೆ ತಾಳಲ್ಲ ಅಂದಿದ್ರೆ ಏರಿಸ್ತಿದ್ರಾ?

ಸಿಮೆಂಟು ಮರಳು: ಅದು ಗಾಡಿಯ ಮಿತಿ ಅಣ್ಣ, ಸೇತುವೆಯದ್ದಲ್ಲ. ಹಳೇ ಸೇತುವೆ ಆರ್ಡರ್ ಓದಿ ಗಟ್ಟಿಯಾಗುತ್ತದಾ? ಇನ್ನೊಂದು, ಅದೇ 28 ಟನ್ ಉದ್ದನೆ ಟ್ರೇಲರ್‌ನಲ್ಲಿದ್ದರೆ ಚಕ್ರಗಳು ದೂರ ದೂರ ಇರುತ್ತವೆ, ಸಣ್ಣ ಸೇತುವೆ ಮೇಲೆ ಒಂದೇ ಸಲಕ್ಕೆ ಪೂರ್ತಿ ಭಾರ ಬೀಳಲ್ಲ. ಟಿಪ್ಪರ್ ಗಿಡ್ಡ. ಅಷ್ಟೂ ಭಾರ ಒಂದೇ ಕಡೆ ಕೂರುತ್ತದೆ. ‘ನಿಂತೇ ಇದೆ’ ಅನ್ನೋ ಮಾತಿಗೆ ಬಂದರೆ, ಕಾರವಾರದ ಕಾಳಿ ಸೇತುವೆಯೂ ಆಗಸ್ಟ್ 2024ರವರೆಗೆ ನಿಂತೇ ಇತ್ತು. ಮಧ್ಯರಾತ್ರಿ ಕುಸಿದಾಗ ಮೇಲಿದ್ದದ್ದು ಒಂದು ಲಾರಿ. ಪುಣ್ಯಕ್ಕೆ ಚಾಲಕ ಬದುಕಿದ.

ಪೀಣ್ಯದವಳು: ಬೋರ್ಡ್ ನಂಬಿ ಕೂರದೆ ನಿಜವಾಗಿ ತಡೆದದ್ದನ್ನು ನಾವು ನೋಡಿದ್ದೇವೆ. ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯ ಒಳಗಿನ ಕೇಬಲ್‌ಗಳು ಹಾಳಾಗಿವೆ ಅಂತ ಡಿಸೆಂಬರ್ 2021ರಲ್ಲಿ ಮುಚ್ಚಿದರು. ಕಾರು ಬೈಕಿಗೆ ಬೇಗ ಬಿಟ್ಟರು, ಲಾರಿಗೆ ಬಿಟ್ಟದ್ದು 2024ರ ಜುಲೈ ಕೊನೆಗೆ. ಅದೂ ತುಂಬಿದ ಲಾರಿ ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆ. ಆ ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ನಾವು ಪಟ್ಟ ಪಾಡು ಬೇಡ ಬಿಡಿ.

ಹಳ್ಳದ ದಂಡೆ: ನಮ್ಮಲ್ಲಿ ತಡೆಯೋರು ಯಾರು? ದಂಡ ಇದೆಯಲ್ವಾ?

ಹತ್ತು ಚಕ್ರ: ಇದೆ. ಓವರ್‌ಲೋಡಿಗೆ 20 ಸಾವಿರ, ಮೇಲೆ ಹೆಚ್ಚುವರಿ ಟನ್ನಿಗೆ 2 ಸಾವಿರ. ಪಾಸಿಂಗಿಗಿಂತ 8 ಟನ್ ಜಾಸ್ತಿ ಇದ್ದರೆ 36 ಸಾವಿರ, ಜೊತೆಗೆ ಜಾಸ್ತಿ ಮಾಲು ಅಲ್ಲೇ ಇಳಿಸಬೇಕು. ಆದರೆ ಸಿಕ್ಕಿಬಿದ್ದರೆ ತಾನೇ! ಕ್ರಷರ್‌ನಲ್ಲಿ ಲೋಡರ್‌ನವನು ಇನ್ನೊಂದು ಬಕೆಟ್ ಸುರಿಯುವಾಗ ನಾನು ಬೇಡ ಅಂದರೆ ಹಿಂದಿನ ಗಾಡಿಯವನು ತಗೋತಾನೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಅಲ್ಲ ನಮಗೆ, ಟನ್ ಲೆಕ್ಕ. ತೂಕದ ಚೀಟಿ ಇಲ್ಲದೆ ಕ್ರಷರ್ ಗೇಟ್ ದಾಟಬಾರದು ಅಂತ ಮಾಡಿ, ನಾನೇ ಮೊದಲು ಖುಷಿಪಡ್ತೀನಿ.

ಸಿಮೆಂಟು ಮರಳು: ಅದು ಸರಿ. ಸೇತುವೆಯ ಎರಡೂ ತುದಿಗೆ ತಗ್ಗಾಗಿ ಕಬ್ಬಿಣದ ಕಮಾನು ನಿಲ್ಲಿಸಿದರೂ ಆಗುತ್ತದೆ, ಟಿಪ್ಪರ್ ನುಗ್ಗಲ್ಲ.

ಹತ್ತು ಚಕ್ರ: ಬಸ್ಸೂ ನುಗ್ಗಲ್ಲ ಸ್ವಾಮಿ. ಅಂದಹಾಗೆ ತುಂಬಿದ ಬಸ್ಸು 15 ಟನ್ ಹತ್ತಿರ ಬರುತ್ತದೆ. ಬೋರ್ಡ್ ಪ್ರಕಾರ ಅದೂ ನಿಷೇಧವೇ. ಅದನ್ಯಾರೂ ಕೇಳಲ್ಲ.

ಹಳ್ಳದ ದಂಡೆ: ಮಳೆಗಾಲದಲ್ಲಿ ಕಂಡಕ್ಟರ್ ಎಲ್ಲರನ್ನೂ ಈಚೆಗೇ ಇಳಿಸಿ ನಡೆಸುತ್ತಾರೆ. ಖಾಲಿ ಬಸ್ಸು ಹಿಂದೆ ಬರುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಟಿಪ್ಪರ್ ಹಾರ್ನ್ ಹೊಡೆದುಕೊಂಡು ದಾಟಿ ಹೋಗಿರುತ್ತದೆ.