ವೀಸಾ ಫೈಲ್ ನಡೆಯುವಾಗ ಗಂಡನ ಅಡ್ಡಹೆಸರು ಹಾಕಿಸಬಹುದಾ?

ಪ್ರಶ್ನೆ (ಬಾಗಲಕೋಟೆ, ನವನಗರ):
ನಮಸ್ಕಾರ ರೀ ಮೇಡಂ. ಫೆಬ್ರವರಿಯಲ್ಲಿ ನನ್ನ ಮದುವೆ ಆಯಿತು. ನಮ್ಮ ಯಜಮಾನರು ಅಮೆರಿಕದ ಸಿಟಿಜನ್. ಏಪ್ರಿಲ್‌ನಲ್ಲಿ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳುವ ಸಲುವಾಗಿ ಐ-130 ಅರ್ಜಿ ಹಾಕಿದ್ದಾರೆ. ಅದರಲ್ಲಿ ನನ್ನ ತವರಿನ ಹೆಸರೇ ಇದೆ. ಪಾಸ್‌ಪೋರ್ಟ್ ಕೂಡ ಅದೇ ಹೆಸರಲ್ಲಿದೆ, 2031ರವರೆಗೆ ನಡೆಯುತ್ತದೆ. ಈಗ ಅತ್ತೆಯವರು ‘ನಮ್ಮ ಅಡ್ಡಹೆಸರು ಹಾಕಿಸಿಕೊಂಡೇ ಹೋಗು, ಇಲ್ಲಾಂದ್ರೆ ಇಂಟರ್‌ವ್ಯೂದಲ್ಲಿ ಗಂಡ-ಹೆಂಡತಿ ಅಂತ ನಂಬೋದಿಲ್ಲ’ ಅನ್ನುತ್ತಿದ್ದಾರೆ. ಪರಿಚಯದ ಏಜೆಂಟರೂ ಅದನ್ನೇ ಹೇಳಿದರು. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಬದಲಿಸಿಕೊಂಡು ಬರಲಾ?

ಉತ್ತರ (ವಕೀಲರು, ಬೆಳಗಾವಿ):
ಬೇಡ ತಂಗಿ. ಈಗ ಪಾಸ್‌ಪೋರ್ಟ್ ಮುಟ್ಟಲೇಬೇಡಿ.

ಗಂಡ-ಹೆಂಡತಿಯ ಅಡ್ಡಹೆಸರು ಒಂದೇ ಇರಬೇಕು ಅನ್ನುವ ನಿಯಮ ವೀಸಾಕ್ಕೆ ಇಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ನಮ್ಮ ಕಾನೂನೂ ಹೇಳುವುದಿಲ್ಲ. ಅಧಿಕಾರಿ ನೋಡುವುದು ಮದುವೆ ನಿಜವೋ ಅಲ್ಲವೋ ಅಂತ. ಅದಕ್ಕೆ ಮದುವೆ ನೋಂದಣಿ ಪ್ರಮಾಣಪತ್ರ, ಎರಡೂ ಮನೆಯವರಿರುವ ಫೋಟೋ, ಅವರು ಬಂದುಹೋದ ಟಿಕೆಟ್, ನಿಮ್ಮಿಬ್ಬರ ಫೋನ್ ಮಾತುಕತೆಯ ದಾಖಲೆ ಇಟ್ಟುಕೊಳ್ಳಿ.

ಯಾಕೆ ಬೇಡ ಅಂದರೆ, ನಿಮ್ಮ ಫೈಲ್ ಇನ್ನೂ ದೂರ ಹೋಗಬೇಕು. ಐ-130 ಪಾಸಾದ ಮೇಲೆ ಅದು ವೀಸಾದ ಕಾಗದಪತ್ರ ನೋಡುವ ಅಮೆರಿಕದ ಕಚೇರಿ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ನೀವು ಡಿಎಸ್-260 ಅನ್ನುವ ಆನ್‌ಲೈನ್ ವೀಸಾ ಅರ್ಜಿ ತುಂಬಬೇಕು, ಪೊಲೀಸ್ ಕ್ಲಿಯರೆನ್ಸ್ ತರಬೇಕು, ಮೆಡಿಕಲ್ ಮಾಡಿಸಬೇಕು, ಕೊನೆಗೆ ಮುಂಬೈ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ. ಇಷ್ಟೂ ಕಡೆ ಅವರು ನಿಮ್ಮನ್ನು ಗುರುತಿಸುವುದು ಆ ಒಂದು ಪಾಸ್‌ಪೋರ್ಟಿನಿಂದ. ನಡುವೆ ಹೆಸರು ಬದಲಾದರೆ ಕೇಸ್ ಬಿದ್ದುಹೋಗುವುದಿಲ್ಲ, ಆದರೆ ಎಲ್ಲ ಕಡೆ ತಿಳಿಸಿ ತಿದ್ದಿಸಬೇಕು. ಡಿಎಸ್-260 ಒಮ್ಮೆ ಸಬ್ಮಿಟ್ ಆದರೆ ನೀವೇ ತಿದ್ದಲು ಬರುವುದಿಲ್ಲ, ಅವರೇ ಮತ್ತೆ ತೆರೆದುಕೊಡಬೇಕು.

ಒಬ್ಬ ಹುಡುಗಿ ಬಂದು ನನ್ನ ಟೇಬಲ್ ಮೇಲೆ ಎರಡು ಪಾಸ್‌ಪೋರ್ಟ್ ಇಟ್ಟಳು. ಹಳೆಯದು ರದ್ದಾಗಿತ್ತು, ಮೂಲೆ ಕತ್ತರಿಸಿದ್ದರು. ಹೊಸದರಲ್ಲಿ ಗಂಡನ ಅಡ್ಡಹೆಸರು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಹಳೆಯ ಹೆಸರಲ್ಲಿ, ಹಳೆಯ ಪಾಸ್‌ಪೋರ್ಟ್ ನಂಬರಿಗೆ. ಇಂಟರ್‌ವ್ಯೂಗೆ ಮೂರು ವಾರ ಉಳಿದಿತ್ತು. ಮತ್ತೆ ಅರ್ಜಿ, ಮತ್ತೆ ಠಾಣೆ. ಅವರ ತಂದೆ ಕಬ್ಬಿನ ಕಟಾವು ಬಿಟ್ಟು ಮಗಳ ಜೊತೆ ಓಡಾಡಿದರು. ಸುಮ್ನೆ ತಂದುಕೊಂಡ ತ್ರಾಸು ಅದು, ನೋಡಿ ನನಗೇ ಸಂಕಟ ಆಯಿತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ನಾವು ಮೂರು ಹೆಸರು ಬರೆಯುವವರು: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಸಾಲು, ಸರ್‌ನೇಮ್ ಮತ್ತು ಗಿವನ್ ನೇಮ್. ತಂದೆಯ ಹೆಸರು ಸಾಮಾನ್ಯವಾಗಿ ಗಿವನ್ ನೇಮ್ ಸಾಲಿನಲ್ಲಿ ಸೇರಿಕೊಂಡಿರುತ್ತದೆ. ಮದುವೆಯಾದ ಮೇಲೆ ಆ ಜಾಗಕ್ಕೆ ಗಂಡನ ಹೆಸರು ಹಾಕಿಸುತ್ತಾರೆ. ಬರೀ ಅಡ್ಡಹೆಸರು ಅಂತ ಹೊರಟವರಿಗೆ ಎರಡೂ ಸಾಲು ಬದಲಾಗಿರುತ್ತವೆ. ಕೆಲವು ಮನೆಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರನ್ನೇ ಇಡುತ್ತಾರಲ್ವಾ? ಆ ಹೆಸರು ಮನೆಯಲ್ಲಿರಲಿ. ಆದರೆ ಅದನ್ನು ಬ್ಯಾಂಕ್ ಖಾತೆಗೋ ಬೇರೆ ದಾಖಲೆಗೋ ಹಾಕಿಸಿದ್ದರೆ, ಡಿಎಸ್-260ರಲ್ಲಿ ‘ಬೇರೆ ಹೆಸರು ಇತ್ತೇ’ ಅನ್ನುವ ಪ್ರಶ್ನೆಗೆ ಮುಚ್ಚಿಡದೆ ಬರೆಯಿರಿ.

ಪ್ರಶ್ನೆ (ಅವರೇ):
ಹಾಗಾದ್ರೆ ಯಾವಾಗ ರೀ? ಅತ್ತೆಯವರಿಗೆ ಏನಂತ ಹೇಳಲಿ?

ಉತ್ತರ:
‘ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ಹಾಕಿಸುತ್ತೇನೆ’ ಅನ್ನಿ. ನೀವು ಅಲ್ಲಿ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ, ಸಿಗುವುದು ಎರಡು ವರ್ಷದ, ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಆ ಷರತ್ತು ತೆಗೆಸುವ ಐ-751 ಅರ್ಜಿ ಹಾಕಲೇಬೇಕು. ಅದೇ ಅರ್ಜಿಯಲ್ಲಿ ಮದುವೆ ಪ್ರಮಾಣಪತ್ರ ಲಗತ್ತಿಸಿ ಹೊಸ ಹೆಸರು ಕೊಡಬಹುದು. ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಕಾರ್ಡ್ ಬರುತ್ತದೆ, ಆಗ ಕಾರ್ಡ್ ಬದಲಿಸಿಕೊಳ್ಳುವ ಐ-90 ಅರ್ಜಿ ಹಾಕಿ ಹೆಸರು ಬದಲಿಸಬೇಕು. ಭಾರತದ ಪಾಸ್‌ಪೋರ್ಟನ್ನೂ ಅಲ್ಲಿಂದಲೇ ಬದಲಿಸಿಕೊಳ್ಳಬಹುದು.

ಇನ್ನೊಂದು ಮಾತು ತಂಗಿ. ನಿಮಗೇ ಬದಲಿಸುವ ಮನಸ್ಸಿಲ್ಲದಿದ್ದರೆ ಹಾಗೇ ಇರಲಿ. ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡ್, ಡಿಗ್ರಿ ಎಲ್ಲ ಈಗಿನ ಹೆಸರಲ್ಲೇ ಇವೆ. ಅಲ್ಲಿ ಓದಲು, ಕೆಲಸ ಹುಡುಕಲು ಅದೇ ಅನುಕೂಲ.

ಪ್ರಶ್ನೆ (ವಿಜಯಪುರ):
ಮೇಡಂ, ನಮ್ಮದು ಇನ್ನೂ ಫೈಲ್ ಆಗಿಲ್ಲ. ನನ್ನ ಪಾಸ್‌ಪೋರ್ಟ್ ಏಳು ತಿಂಗಳಲ್ಲಿ ಮುಗಿಯುತ್ತದೆ. ನನಗೂ ಕಾಯಿರಿ ಅಂತೀರಾ?

ಉತ್ತರ:
ಇಲ್ಲ, ನಿಮ್ಮದು ಬೇರೆ. ಹೇಗೂ ಹೊಸ ಪಾಸ್‌ಪೋರ್ಟ್ ಮಾಡಿಸಲೇಬೇಕು, ಬದಲಿಸುವುದಿದ್ದರೆ ಈಗಲೇ ಬದಲಿಸಿ. 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1500 ರೂಪಾಯಿ. ಹೊಸದು ಕೈಗೆ ಬಂದ ಮೇಲೆ ಅದೇ ಹೆಸರಲ್ಲಿ ಐ-130 ಹಾಕಿಸಿ. ತವರಿನ ಹೆಸರನ್ನು ಹಿಂದಿನ ಹೆಸರುಗಳ ಜಾಗದಲ್ಲಿ ಬರೆಯಿಸಿ.

ಮೊದಲು ಸ್ಪೆಲ್ಲಿಂಗ್ ನೋಡಿಕೊಳ್ಳಿ. ಯಜಮಾನರ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಇರಲಿ. ಹಿರೇಮಠ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಬ್ಬರು ಕೊನೆಗೆ ‘ಎಚ್’ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಆಧಾರ್‌ನಲ್ಲೂ ಹೊಸ ಹೆಸರು ಹಾಕಿಸುವುದಾದರೆ, ಅಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಒಂದು ಅವಕಾಶ ಸ್ಪೆಲ್ಲಿಂಗ್ ತಪ್ಪಿಗೆ ಹೋಗಬಾರದು.

ಪ್ರಶ್ನೆ (ವಿಜಯಪುರ):
ಈಗಷ್ಟೇ ಅವರ ಪಾಸ್‌ಪೋರ್ಟ್ ಫೋಟೋ ತರಿಸಿ ನೋಡಿದೆ. ನಮ್ಮದೂ ಹಿರೇಮಠ. ಅವರದರಲ್ಲಿ ‘ಎಚ್’ ಇಲ್ಲ, ನಮ್ಮ ಮದುವೆ ಪ್ರಮಾಣಪತ್ರದಲ್ಲಿ ಇದೆ!

ಉತ್ತರ:
ಈಗಲೇ ನೋಡಿದ್ದು ಒಳ್ಳೆಯದಾಯಿತು. ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪ್ರಮಾಣಪತ್ರ ತಿದ್ದಿಸಿ. ಪಾಸ್‌ಪೋರ್ಟ್ ಅರ್ಜಿ ಆಮೇಲೆ.